ಏಳು ಅಡ್ಡಿಗಳ ಅರ್ಜಿ

ಕುಪ್ಪುಸ್ವಾಮಿಯ ಸೈಕಲ್ಲಿನ ಪೆಡಲು ಕದಿರಪ್ಪನ ಮೊಣಕಾಲಿಗೆ ತಗುಲಿತು. ಕದಿರಪ್ಪ ಆರು ವಾರದಿಂದ ಕಾಯುತ್ತಿದ್ದುದು ಇದಕ್ಕೇ.

ಉರಿಗಾಂ ಗಣಿಯ ಕೂಲಿಮನೆಗಳ ಆ ಲೈನಿನಲ್ಲಿ ಇಂಗ್ಲಿಷ್ ಅರ್ಜಿ ಬರೆಯಬಲ್ಲವನು ಅವನೊಬ್ಬನೇ. ಆದರೆ ಜನ ಹೊಸ ಸೊಸೆಯನ್ನು ನೋಡುವಂತೆ ನೋಡುತ್ತಿದ್ದುದು ಎದುರುಮನೆಯ ಕುಪ್ಪುಸ್ವಾಮಿಯ ಹೊಸ ಸೈಕಲ್ಲನ್ನು. ಕದಿರಪ್ಪನ ಹೆಂಡತಿ ಗಂಗರತ್ನಮ್ಮ ಕೂಡ ಕದ್ದು ಅದರ ಗಂಟೆ ಬಾರಿಸಿ ಬಂದಿದ್ದಳು.

ಅಂದು ಅವನಿಗೆ ಪಾಳಿ ಇರಲಿಲ್ಲ. ಸಂದಿಯ ಅರ್ಧಕ್ಕೆ ಚಾಚಿದ್ದ ತನ್ನ ಕಲ್ಲುಜಗಲಿಯ ಮೇಲೆ ನಿಘಂಟು ಬಿಚ್ಚಿ ಕೂತ. ಸಂದಿಯಲ್ಲೇ ಒರಳು ನೆಟ್ಟು ರುಬ್ಬುತ್ತಿದ್ದ ಪಕ್ಕದ ಮನೆಯ ಮುತ್ಯಾಲಮ್ಮ ಕೇಳಿದಳು:

"ಏನ್ಲಾ ಬರೀತಿದೀಯ?"

"ಸೈಕಲ್ಲು ದಾರಿಗಡ್ಡ ಅಂತ. ಅಬ್‌ಸ್ಟ್ರಕ್ಟ್ ಅಂತಾರೆ."

"ಒಂದೇ ಮಾತಾ? ದೊರೆ ತಿರುಗೂ ನೋಡಲ್ಲ. ನಾನು ಏಳೆಂಟು ಸೇರಿಸಿ ಬೈದ್ರೇನೇ ನನ್ ಗಂಡ ಎದ್ದೇಳಾದು."

ನ್ಯಾಯವೆನಿಸಿತು. ನಿಘಂಟಿನಲ್ಲಿ ಆ ಪದದ ನೆಂಟರೆಲ್ಲ ಪಂಕ್ತಿಗೆ ಕೂತಿದ್ದರು: ಬ್ಲಾಕ್, ಹಿಂಡರ್, ಇಂಪೀಡ್, ಹ್ಯಾಂಪರ್, ಚೋಕ್, ಥ್ವಾರ್ಟ್. ಎಲ್ಲಕ್ಕೂ ಅರ್ಥ ಅಡ್ಡಿಯೇ. ಕದಿರಪ್ಪ ಒಂದನ್ನೂ ಬಿಡದೆ ನಂಬರು ಹಾಕಿ ಬರೆದ. ಸೈಕಲ್ಲಿನ ಹೆಸರು ಮೊದಲ ಸಾಲಿನಲ್ಲಿ ಮಾತ್ರ. ಸಹಿ ಹಾಕದೆ ಹತ್ತು ಗಂಟೆಗೆ ಆಫೀಸಿನ ಡಬ್ಬಿಗೆ ಹಾಕಿ ಬಂದ.

ಮೂರಕ್ಕೆ ಓವರ್ಸಿಯರ್ ದೊರೆ ಟೇಪು ಹಿಡಿದು ಬಂದ. ಹಿಂದೆ ಮೇಸ್ತ್ರಿ, ಹಾರೆ ಹೊತ್ತ ಇಬ್ಬರು ಕೂಲಿಗಳು. ಸೈಕಲ್ಲು ಕುಪ್ಪುಸ್ವಾಮಿಯ ಜೊತೆ ಪಾಳಿಗೆ ಹೋಗಿತ್ತು.

"ಒಂದ್ನೇದು ಇಲ್ಲ. ಇನ್ನಾರು ಅಡ್ಡ ಹುಡುಕಬೇಕಂತೆ," ಎಂದ ಮೇಸ್ತ್ರಿ.

ಕದಿರಪ್ಪ ಜಗಲಿಯಿಂದ ಇಳಿದು ಬಂದ. "ಏಳೂ ಒಂದೇ ಇರಬೋದಲ್ವಾ ಮೇಸ್ತ್ರಿ?"

"ಬರ್ದೋನು ಭಾರಿ ಓದ್ದೋನಂತೆ. ಒಂದಕ್ಕೇ ಏಳು ಮಾತು ಬರೆಯೋಕೆ ಅವ್ನೇನು ದಡ್ಡನಾ ಅಂತಾರೆ ದೊರೆ. ಯಾಕೆ, ನಿಂಗೆ ಗೊತ್ತಾ ಬರ್ದೋನು?"

ಮೂಕರ್ಜಿ ಬರೆದವನ ಕೆಲಸ ಉಳಿಯುವುದಿಲ್ಲ. "ನಂಗೇನ್ ಗೊತ್ತು," ಎಂದ ಕದಿರಪ್ಪ.

ಒರಳು ಎದ್ದಿತು. ಮೇಕೆಗೂಟ, ಕೋಳಿಗೂಡು, ಸೌದೆರಾಶಿ, ಯಾರದೋ ಮುರುಕು ಮಂಚ ಹೋದವು. ಮುತ್ಯಾಲಮ್ಮ ಬರೆದವನ ಏಳು ತಲೆಮಾರನ್ನೂ ಬೈದಳು, ಕದಿರಪ್ಪನನ್ನೇ ನೋಡುತ್ತಾ. ಒಂದು ಬಾಕಿ ಇತ್ತು. ಟೇಪು ಬಂದು ಅವನ ಜಗಲಿಯ ಮೇಲೆ ನಿಂತಿತು.

ಸಂಜೆ, ಇಷ್ಟು ದಿನ ಸಂದಿಯ ತುದಿಯಲ್ಲೇ ಇಳಿದು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ ಕುಪ್ಪುಸ್ವಾಮಿ ಮನೆಬಾಗಿಲವರೆಗೂ ತುಳಿದುಕೊಂಡೇ ಬಂದ. ಸುತ್ತ ನೋಡಿ, ಸೈಕಲ್ಲನ್ನು ಜಗಲಿ ಇದ್ದ ಜಾಗದಲ್ಲಿ ಕದಿರಪ್ಪನ ಬೋಳು ಗೋಡೆಗೆ ಒರಗಿಸಿದ.

"ನಿಮ್ ಮೊಣಕಾಲಿಗೆ ತಗುಲ್ತಲ್ಲ ಬೆಳಿಗ್ಗೆ, ಮನಸ್ಸಿಗೆ ಬೇಜಾರಾಯ್ತು ಅಣ್ಣಾ. ಇಲ್ಲಾದ್ರೆ ಯಾರ್ಗೂ ಅಡ್ಡ ಇಲ್ಲ."

ಒಳಗಿನಿಂದ ಗಂಗರತ್ನಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಗಂಟೆ ಬಾರಿಸಿದಳು.