ಅವಧಿ ಮುಗಿದ ಲೈಸೆನ್ಸು ಮತ್ತು ಒಂದು ಡಬ್ಬಿ ಬಿಯರ್

ಜಪಾನಿನ ಕಾವಾಸಾಕಿಯ ನಮ್ಮ ಬೀದಿಯ ತಿರುವಿನಲ್ಲಿ, ಹಳೇ ಮದ್ಯದಂಗಡಿಯ ಗೋಡೆಗೊರಗಿ, ಬಿಸಿಲು ಮಳೆಯೆನ್ನದೆ ನಿಂತೇ ಸೇವೆ ಸಲ್ಲಿಸುತ್ತಿರುವ ಬಿಯರ್ ಯಂತ್ರ ಮಹಾಶಯರಿಗೆ,

ಮಾನ್ಯರೇ, ಈ ದೇಶದ ಪದ್ಧತಿಯಂತೆ ಸೊಂಟ ಬಾಗಿಸಿ ನಮಸ್ಕಾರಗಳು.

ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಮ್ಮ ಯಜಮಾನರು ಹರಿಹರ, ಪಾಳಿ ಮುಗಿಸಿ ಬರುವಾಗ ತಮಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಿ, ತಾವು ಅದರಲ್ಲಿ ವಯಸ್ಸು ಓದಿಕೊಂಡು ಸಮ್ಮತಿಸಿದ ಮೇಲೆ ಒಂದು ಡಬ್ಬಿ ಬಿಯರ್ ಪಡೆದು, ತಮ್ಮ ಪಕ್ಕದಲ್ಲೇ ನಿಂತು ಕುಡಿದು ಬರುತ್ತಿದ್ದರು. ಕಳೆದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಇಲ್ಲಿನವರು ತೀರಿಹೋದವರ ಮುಂದೆ ಅವರಿಗಿಷ್ಟವಾದ ಬಿಯರ್ ಇಡುವುದನ್ನು ಕಂಡು, ನಾನೂ ಫೋಟೋದ ಮುಂದೆ, ಊದುಬತ್ತಿಯ ಪಕ್ಕ, ವಾರಕ್ಕೊಂದು ಡಬ್ಬಿ ಇಡತೊಡಗಿದೆ.

ಬ್ಯಾಂಕಿನವರು ಅವರ ಖಾತೆ ಮುಚ್ಚಿದರು, ವಾರ್ಡ್ ಕಚೇರಿಯವರು ಹೆಸರು ಹೊಡೆದುಹಾಕಿದರು. ತಾವೊಬ್ಬರೇ, ನಾನು ಅವರ ಲೈಸೆನ್ಸ್ ತೂರಿಸಿದೊಡನೆ ಹಸಿರು ದೀಪ ಬೆಳಗಿ, ಹರಿಹರರು ಈಗಲೂ ಬಿಯರ್ ಕುಡಿಯಲು ಅರ್ಹರೆಂದು ಒಪ್ಪುತ್ತಿದ್ದಿರಿ. ತಮಗೆ ‘ಅರಿಗಾತೋ’ ಎಂದು ಇಲ್ಲಿನ ಭಾಷೆಯಲ್ಲೇ ಧನ್ಯವಾದ ಹೇಳಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮನೆಗೆ ಬಂದದ್ದೂ ಉಂಟು.

ಆದರೆ ಮೊನ್ನೆ ಕೆಂಪು ದೀಪ. ಲೈಸೆನ್ಸಿನ ಅವಧಿ ಮುಗಿದಿದೆಯಂತೆ. ಮನುಷ್ಯನ ಅವಧಿ ಮುಗಿದಾಗ ತಕರಾರು ಮಾಡದ ತಾವು ಕಾರ್ಡಿನ ಅವಧಿಗೆ ಇಷ್ಟು ಕಟ್ಟುನಿಟ್ಟಾದದ್ದು ಕಂಡು, ತಮ್ಮ ಕರ್ತವ್ಯನಿಷ್ಠೆಗೆ ಬೆರಗಾಗಿದ್ದೇನೆ. ನನಗೆ ಲೈಸೆನ್ಸ್ ಇಲ್ಲ. ನರೆತ ಕೂದಲನ್ನು ತಮ್ಮ ಗಾಜಿಗೆ ಹಿಡಿದು ತೋರಿಸಿದೆ, ತಾವು ಪರಿಗಣಿಸಲಿಲ್ಲ.

ಹಿರೋಷಿಮಾದಲ್ಲಿ ಇಂಗ್ಲೆಂಡಿನ ಹಳೇ ಬಿಯರ್ ಕಾನೂನುಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನ್ನ ತಂಗಿಯ ಮಗಳು ಇಂಚರಾ ಫೋನಿನಲ್ಲಿ ನಕ್ಕು, “ದೊಡ್ಡಮ್ಮಾ, ಅಲ್ಲೂ ಹೀಗೇ. ಕೂಲಿಯವ್ರ ಭಾನುವಾರದ ಬಿಯರ್‌ಗೆ ಮಾತ್ರ ಟೈಮ್ ಫಿಕ್ಸ್ ಮಾಡಿದ್ರು, ಸಾಹೇಬ್ರ ಕ್ಲಬ್ ಓಪನ್ನೇ ಇರ್ತಿತ್ತು” ಎಂದಳು. ಆ ಸಾಹೇಬರು ಕೂಡ ಸತ್ತವರ ಬಿಯರ್‌ಗೆ ಕೈಹಾಕಿರಲಿಲ್ಲವೆಂದು ವಿನಯದಿಂದ ತಿಳಿಸುತ್ತೇನೆ.

ನಾಳೆ ಅವರ ವರ್ಷಾಬ್ದಿಕ. ಹಗಲೂ ರಾತ್ರಿ ತೆರೆದಿರುವ ಮೂಲೆಯ ಕೊಂಬಿನಿ ಅಂಗಡಿಗೆ ಹೋಗೋಣವೆಂದರೆ, ಹಾಲಿನ ಕಪಾಟಿನ ಬಳಿ ನಮ್ಮ ಕನ್ನಡ ಬಳಗದ ವೇದವಲ್ಲಿಯವರು ಸದಾ ಇರುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಇಡೀ ಬಳಗದ ಕಿವಿಗೆ ಬಿದ್ದಂತೆ. ಆದ್ದರಿಂದ ತಾವೇ ದಯಮಾಡಿ ಲೈಸೆನ್ಸ್ ನವೀಕರಿಸಬೇಕು. ಕಣ್ಣಿನ ಪರೀಕ್ಷೆಗೆ ಫೋಟೋ ತರುತ್ತೇನೆ, ಅದರಲ್ಲಿ ಅವರು ರೆಪ್ಪೆ ಮಿಟುಕಿಸದೆ ನೋಡುತ್ತಾರೆ. ಅದಾಗದಿದ್ದರೆ ಒಂದು ಡಬ್ಬಿಯನ್ನು ತಪ್ಪಿ ಬೀಳಿಸಿದರೂ ಸಾಕು, ಬಗ್ಗಿ ಎತ್ತಿಕೊಳ್ಳುತ್ತೇನೆ, ಯಾರಿಗೂ ಹೇಳುವುದಿಲ್ಲ.

ಕೆಂಪು ದೀಪದ ಮುಂದೆಯೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಕಮಲಾ ಹರಿಹರ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ ಕೊಂಬಿನಿಗೇ ಹೋಗಿಬಂದೆ. “ಏನ್ರೀ ಕಮಲಾ, ಬಿಯರಾ? ಯಾವಾಗಿಂದ?” ಎಂದು ವೇದವಲ್ಲಿಯವರು ಕೇಳಿಯೇ ಕೇಳಿದರು. “ನಮ್ಮವ್ರಿಗೆ” ಎಂದೆ. ಅವರು ಇನ್ನೊಂದು ಡಬ್ಬಿ ತೆಗೆದು ನನ್ನ ಬುಟ್ಟಿಗೆ ಹಾಕಿದರು. ದುಡ್ಡು ಕಟ್ಟುವಾಗ ಅಲ್ಲಿನ ಪರದೆ ನನಗೆ ಬಿಯರ್ ಕೊಳ್ಳುವ ವಯಸ್ಸಾಗಿದೆಯೇ, ಇಪ್ಪತ್ತು ತುಂಬಿದೆಯೇ ಎಂದು ವಿಚಾರಿಸಿತು. ಇಷ್ಟು ಒಳ್ಳೆಯ ಮಾತನ್ನು ತಾವು ಒಂದು ದಿನವೂ ಆಡಲಿಲ್ಲ.