ಏಳನೇ ಮೆಟ್ಟಿಲಲ್ಲಿ ನಿಂತ ಗಾಡಿ

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ನನ್ನ ಅರ್ಧ ಮುಖದಲ್ಲಿ ಇನ್ನೂ ಸೋಪಿನ ನೊರೆ ಇರುವಾಗ, ಕರೆಗಂಟೆ ಬಡಿದುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಹೊಸಬಳು ಕೈಯಲ್ಲಿದ್ದ ಚೀಟಿ ನೋಡಿ, "ಸೊಂಟದ ಆಪರೇಷನ್ ಪೇಷಂಟು ನೀವೇನಾ ಸಾರ್?" ಎಂದಳು.

"ನಾನಲ್ಲ, ನಮ್ಮಮ್ಮ."

ಹಾಲಿನ ಮೂಲೆಯ ಮಂಚದಿಂದ ಅಮ್ಮನ ಧ್ವನಿ ಬಂತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳ ಧ್ವನಿ ಅದು. ಎರಡು ಗೋಡೆ ಅದಕ್ಕೆ ಲೆಕ್ಕವಲ್ಲ. "ಯಾರೋ ಅದು? ನಿನ್ನೆಯವಳಾ, ಮೊನ್ನೆಯವಳಾ?"

"ಹೊಸಬರು ಅಮ್ಮಾ."

"ಹಾಗಾದ್ರೆ ಬಾಮ್ಮ, ಕೂತ್ಕೊ. ನಾನು ಬಚ್ಚಲಲ್ಲಿ ಜಾರಿದ ಕಥೆ ಮೊದಲಿಂದ ಹೇಳ್ತೀನಿ. ಒಂಬತ್ತನೇ ಸಲ!"

ಅಮ್ಮನಿಗೆ ಆಪರೇಷನ್ ಆಗಿ ಎರಡು ವಾರವಾಗಿತ್ತು. ಹೋಮ್ ನರ್ಸುಗಳನ್ನೂ ಫಿಸಿಯೋಥೆರಪಿಯವರನ್ನೂ ಕಳಿಸುವ ಹೊಣೆಯನ್ನು ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಅವರು ಹಣವನ್ನು ಪ್ರತಿ ಸಲವೂ ಅದೇ ಖಾತೆಗೆ ತರಿಸಿಕೊಳ್ಳುತ್ತಿದ್ದರು, ಜನರನ್ನು ಮಾತ್ರ ಪ್ರತಿ ಸಲವೂ ಬದಲಾಯಿಸಿ ಕಳಿಸುತ್ತಿದ್ದರು. ಅಮ್ಮನ ಕೋಣೆ ಇರುವುದು ಮಹಡಿಯಲ್ಲಿ. ಇನ್ನೊಂದು ತಿಂಗಳಲ್ಲಿ ಹದಿನಾಲ್ಕು ಮೆಟ್ಟಿಲನ್ನು ತಾನೇ ಹತ್ತಿದರೆ ಮೇಲಕ್ಕೆ ಹೋಗಬಹುದು, ಇಲ್ಲದಿದ್ದರೆ ಹಾಲಿನ ಮಂಚವೇ ಖಾಯಂ ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ಇದ್ದದ್ದು ಅದೊಂದೇ ಹಟ. "ನನ್ನ ಬಾಗಿಲು ನಾನೇ ಹಾಕ್ಕೊಂಡು ಮಲಗಬೇಕು ಕಣೋ. ಇಲ್ಲಿ ಆಕಳಿಸಿದ್ರೂ ನಾಲ್ಕು ಜನ ಯಾಕೆ ಅಂತ ಕೇಳ್ತಾರೆ."

ನಾನು ಮುಖದ ಇನ್ನರ್ಧವನ್ನು ಬೋಳಿಸುತ್ತಲೇ ಐತಿಹಾಸಿಕ ತೀರ್ಮಾನ ಕೈಗೊಂಡೆ. ನಾನು ಬಸ್ ಡಿಪೋದ ವೇಳಾಪಟ್ಟಿ ವಿಭಾಗದ ಮುಖ್ಯಸ್ಥ. ನೂರ ನಲವತ್ತು ಬಸ್ಸುಗಳು ಯಾವಾಗ ಹೊರಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ನಿರ್ಧರಿಸುವವನು. ಅಂಥವನಿಗೆ ಮೂರು ಜನ ಮತ್ತು ಒಬ್ಬ ತಾಯಿ ಯಾವ ಲೆಕ್ಕ!

"ಏಜೆನ್ಸಿ ಬಿಡಿಸ್ತಿದ್ದೀನಿ," ಎಂದು ತಿಂಡಿಯ ಹೊತ್ತಿಗೆ ಘೋಷಿಸಿದೆ. "ಕೆಲಸ ಮಾಡೋರಿಗೆ ನೇರವಾಗಿ ಕೊಡೋಣ. ಅವರಿಗೂ ಪೂರ್ತಿ ಸಿಗುತ್ತೆ, ನಮಗೂ ಉಳಿಯುತ್ತೆ. ಮಧ್ಯದಲ್ಲಿ ಮೂರನೆಯವರು ಯಾಕೆ?"

ಹೆಂಡತಿ ಪಠ್ಯಪುಸ್ತಕಗಳ ಕರಡು ತಿದ್ದುವವಳು. ಊಟದ ಮೇಜೇ ಅವಳ ಆಫೀಸು. ಕೆಂಪು ಪೆನ್ನು ಕೆಳಗಿಡದೆ ಕೇಳಿದಳು: "ಅವರು ಬರದಿದ್ದ ದಿನ ಯಾರಿಗೆ ಬಯ್ಯೋದು ರೀ?"

"ಬರದೆ ಇರೋ ಪ್ರಶ್ನೆಯೇ ಇಲ್ಲ. ವೇಳಾಪಟ್ಟಿ ಹಾಕೋನು ನಾನು!"

ಒಂದೇ ವಾರದಲ್ಲಿ ಜನ ಸಿಕ್ಕಿದರು. ಬೆಳಗಿನ ನರ್ಸ್, ಸಂಜೆಯ ನರ್ಸ್, ಒಬ್ಬ ಫಿಸಿಯೋ. ಮೂವರೂ ತಮ್ಮಷ್ಟಕ್ಕೆ ದುಡಿಯುವವರು, ಕೆಲಸದಲ್ಲಿ ಪಳಗಿದವರು. ಫಿಸಿಯೋಗೆ ನಲವತ್ತು ದಾಟಿತ್ತು, ದಪ್ಪ ಮೈ. ಹೆಲ್ಮೆಟ್ ತೆಗೆಯದೆಯೇ ನಮಸ್ಕಾರ ಮಾಡುವ ಅವಸರದ ಮನುಷ್ಯ. ಮೂವರನ್ನೂ ಸೋಫಾದಲ್ಲಿ ಸಾಲಾಗಿ ಕೂರಿಸಿ ನಾನು ಭಾಷಣ ಮಾಡಿದೆ.

"ಇವತ್ತಿಂದ ನೀವು ಯಾರ ಆಳೂ ಅಲ್ಲ. ನಿಮಗೆ ನೀವೇ ಧಣಿಗಳು. ಸ್ವತಂತ್ರರು!"

ಫಿಸಿಯೋ ಖುಷಿಯಾದರು. "ಹಾಗಾದ್ರೆ ನಾನು ಬೆಳಿಗ್ಗೆ ಒಂಬತ್ತೂವರೆಗೆ ಬರ್ತೀನಿ ಸಾರ್. ಆಗ ಈ ಕಡೆಯೇ ಇರ್ತೀನಿ."

"ಇಲ್ಲ, ಪಟ್ಟಿಯಲ್ಲಿ ಹನ್ನೊಂದು ಇದೆ."

"ಸ್ವತಂತ್ರ ಅಂದ್ರಲ್ಲ?"

"ಹೌದು. ಸ್ವತಂತ್ರರು ಹನ್ನೊಂದಕ್ಕೆ ಬರಬೇಕು."

ಪ್ರತಿಯೊಬ್ಬರಿಗೂ ಒಂದೊಂದು ಪುಟದ ಒಪ್ಪಂದವನ್ನು ನಾನೇ ಬರೆದೆ. ಗೊಂದಲಕ್ಕೆ ಎಡೆ ಇರಬಾರದೆಂದು ಗಡಿ ಹಾಕಿದೆ: ನೆಲದ ಮೇಲೆ ಅಮ್ಮನನ್ನು ನಡೆಸುವುದು ನರ್ಸುಗಳ ಕೆಲಸ, ಮೆಟ್ಟಿಲು ಹತ್ತಿಸುವುದು ಫಿಸಿಯೋ ಕೆಲಸ, ಹನ್ನೊಂದರಿಂದ ಹನ್ನೊಂದು ಇಪ್ಪತ್ತರವರೆಗೆ. ಆಮೇಲೆ ಅಮ್ಮನ ವೇಳಾಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ, ಎರಡು ಬಣ್ಣದಲ್ಲಿ ಬರೆದು ಮಂಚದ ಎದುರಿನ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ 6.10, ಮಂಚದಿಂದ ನಿರ್ಗಮನ. 6.14, ಬಚ್ಚಲಿಗೆ ಆಗಮನ. 6.14ರಿಂದ 6.26, ನಿಲುಗಡೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಓದಿದಳು. "ಅತ್ತೆ ಯಾವ ನಂಬರಿನ ಬಸ್ಸು ರೀ?"

ಅಮ್ಮ ಕನ್ನಡಕ ಹಾಕಿಕೊಂಡಳು. "ಹನ್ನೆರಡು ನಿಮಿಷ ಸಾಕು ಅಂತ ಯಾರು ಹೇಳಿದ್ರು?"

"ಅದು ಸರಾಸರಿ ಅಮ್ಮಾ."

"ಯಾರ ಸರಾಸರಿ?"

ನಾನು ಹಾಳೆಯ ಮೂಲೆಯನ್ನು ಇನ್ನೊಮ್ಮೆ ಒತ್ತಿ ಅಂಟಿಸಿದೆ. ಮೂರು ದಿನ ಗಡಿಯಾರ ಹಿಡಿದು ನನ್ನ ಮೇಲೆಯೇ ಪ್ರಯೋಗ ಮಾಡಿಕೊಂಡಿದ್ದೆ ಎಂಬುದು ಮನೆಯಲ್ಲಿ ಹೇಳುವ ವಿಷಯವಲ್ಲ.

ಮೊದಲ ಎರಡು ದಿನ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ಡಿಪೋದಲ್ಲಿ ನಾನು ಎದೆ ಸೆಟೆಸಿಕೊಂಡು ಓಡಾಡಿದೆ. ಸಿಕ್ಕವರಿಗೆಲ್ಲ, ಕೇಳದವರಿಗೂ, ಏಜೆನ್ಸಿ ಇಲ್ಲದೆ ಬದುಕುವುದು ಹೇಗೆಂದು ವಿವರಿಸಿದೆ. ಮೂರನೇ ದಿನದಿಂದ ಫೋನು ಶುರುವಾಯಿತು.

ಏಜೆನ್ಸಿಯ ಆಫೀಸಿನಲ್ಲಿ ಇಡೀ ದಿನ ಫೋನು ಎತ್ತಿ "ಆಗ್ಲಿ, ಆಗ್ಲಿ" ಎನ್ನುವ ಒಬ್ಬ ಹೆಂಗಸು ಇದ್ದದ್ದು ನೆನಪಿತ್ತು. ಆಕೆ ಮಾಡುತ್ತಿದ್ದ ಕೆಲಸವೇನೆಂದು ನನಗೆ ಆಗ ತಿಳಿಯಿತು. ಬೆಳಗಿನ ನರ್ಸ್ ಹೇಳುತ್ತಿದ್ದಳು: "ಸಾರ್, ಅಮ್ಮ ಸ್ನಾನಕ್ಕೆ ಬರಲ್ಲ ಅಂತಾರೆ, ಪಟ್ಟಿಯಲ್ಲಿ ಟೈಮ್ ದಾಟ್ತಾ ಇದೆ." ಅವಳು ಇಟ್ಟೊಡನೆ ಅಮ್ಮ: "ನೀರು ಸುಡ್ತಿದೆ ಅಂತ ಅವಳಿಗೆ ಹೇಳು." ಇಬ್ಬರ ನಡುವೆ ಇದ್ದ ದೂರ ನಾಲ್ಕು ಅಡಿ, ಮಾತು ಮಾತ್ರ ಊರಾಚೆಯ ಡಿಪೋ ಸುತ್ತಿಕೊಂಡು ಹೋಗಬೇಕು!

"ಅಮ್ಮಾ, ಎದುರಿಗೇ ಇದ್ದಾಳಲ್ಲ, ನೀನೇ ಹೇಳಬಾರದಾ?"

"ಹೇಳಿದೆ. ಪಟ್ಟಿಯಲ್ಲಿ ತಣ್ಣೀರು ಬೆರೆಸೋಕೆ ಟೈಮ್ ಇಲ್ವಂತೆ. ಸಾರ್‌ನ ಕೇಳ್ಬೇಕಂತೆ."

ಒಂಬತ್ತನೇ ದಿನ ಮಾನ ಹೋಯಿತು. ಬೆಳಗಿನ ನರ್ಸ್‌ಗೆ ಅವಸರದಲ್ಲಿ ಒಂದು ಸಂದೇಶ ಕಳಿಸಿದೆ: "ಬಲಗಾಲು ಮೆಲ್ಲಗೆ ಮೇಲೆತ್ತಿ, ಹತ್ತು ಎಣಿಸಿ, ಮತ್ತೆ ಇಳಿಸಿ. ಗಂಟೆಗೆ ನಾಲ್ಕು ಸಲ. ನೋವಾದರೆ ಬಿಸಿನೀರಿನ ಚೀಲ ಇಡಿ." ಅದು ಹೋಗಿದ್ದು ಚಾಲಕರ ಗುಂಪಿಗೆ. ಇನ್ನೂರ ಎಂಬತ್ತು ಜನ ಶಿಸ್ತಿನ ಸಿಪಾಯಿಗಳು ಅದನ್ನು ಡೀಸೆಲ್ ಉಳಿಸುವ ಹೊಸ ಆದೇಶವೆಂದು ತಿಳಿದು, ಗಂಟೆಗೆ ನಾಲ್ಕು ಸಲ ಆಕ್ಸಿಲರೇಟರಿನಿಂದ ಕಾಲೆತ್ತಿ ಹತ್ತು ಎಣಿಸಿದರು. ಇಡೀ ಊರಿನ ಬಸ್ಸುಗಳು ಎಂಟರಿಂದ ಹನ್ನೊಂದರವರೆಗೆ ಗರ್ಭಿಣಿಯರಂತೆ ನಡೆದವು!

ಡಿಪೋ ಮ್ಯಾನೇಜರು ನನ್ನನ್ನು ಕರೆಸಿದರು. "ಕಾಲೆತ್ತೋದು ಅರ್ಥವಾಯ್ತು. ಡೀಸೆಲ್ಲೂ ಉಳಿದಿದೆ. ಬಿಸಿನೀರಿನ ಚೀಲ ಎಲ್ಲಿಡಬೇಕು ಅಂತ ಚಾಲಕರು ಕೇಳ್ತಿದ್ದಾರೆ. ಏನು ಹೇಳ್ಲಿ?"

ಮಾರನೆಯ ದಿನ ಹನ್ನೊಂದೂವರೆಗೆ ಹೆಂಡತಿಯ ಫೋನು. ಅವಳು ಕೆಲಸದ ಹೊತ್ತಿನಲ್ಲಿ ಸುಮ್ಮನೆ ಫೋನ್ ಮಾಡುವವಳಲ್ಲ.

"ನಿಮ್ಮ ಗಾಡಿ ಏಳನೇ ಮೆಟ್ಟಿಲಲ್ಲಿ ನಿಂತಿದೆ."

"ಅಯ್ಯೋ! ಬಿದ್ಲಾ?"

"ಬಿದ್ದಿಲ್ಲ. ತಿರುವಿನಲ್ಲಿ ಸುಧಾರಿಸಿಕೊಳ್ಳೋಕೆ ಅಂತ ಕುರ್ಚಿ ಇಟ್ಟಿದ್ವಲ್ಲ, ಅದರಲ್ಲಿ ಆರಾಮಾಗಿ ಕೂತಿದ್ದಾರೆ. ಇಳಿಯಲ್ಲವಂತೆ. ಇಷ್ಟು ದಿನ ಫಿಸಿಯೋನೇ ಇಳಿಸ್ತಿದ್ರು, ಇವತ್ತು ಅತ್ತೆ ಒಪ್ಪಂದ ಓದಿದ್ದಾರೆ. ಹತ್ತಿಸೋದು ಅಂತ ಇದೆ, ಇಳಿಸೋದು ಅಂತ ಎಲ್ಲೂ ಇಲ್ವಂತೆ."

ಫೋನು ನನ್ನ ಕಿವಿಯಲ್ಲೇ ಉಳಿಯಿತು. ಇಪ್ಪತ್ತಾರು ವರ್ಷದ ಅನುಭವ! ಹೋದ ಬಸ್ಸು ವಾಪಸ್ ಬರಬೇಕು ಎಂಬುದು ನಮ್ಮ ವಿಭಾಗಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ. ಹೆತ್ತ ತಾಯಿಗೆ ವಾಪಸ್ ಟ್ರಿಪ್ ಹಾಕುವುದನ್ನೇ ನಾನು ಮರೆತಿದ್ದೆ.

ಮನೆ ಮುಟ್ಟಿದಾಗ ಹನ್ನೆರಡು ಹೊಡೆದು ಐದು ನಿಮಿಷ. ಮೆಟ್ಟಿಲ ತಿರುವಿನಲ್ಲಿ ಅಮ್ಮ ಕುರ್ಚಿಯಲ್ಲಿ ನೇರವಾಗಿ ಕೂತಿದ್ದಳು. ಮಡಿಲಲ್ಲಿ ಗೋಡೆಯಿಂದ ಕಿತ್ತ ನನ್ನ ವೇಳಾಪಟ್ಟಿ ಮಗುಚಿ ಬಿದ್ದಿತ್ತು; ಅದರ ಬೆನ್ನ ಮೇಲೆ ಕೆಂಪು ಶಾಯಿಯಲ್ಲಿ ಹೊಸ ಪಟ್ಟಿ ಬರೆದಿತ್ತು. ಕೆಂಪು ಪೆನ್ನು ಯಾರದೆಂದು ನಾನು ಕೇಳಲಿಲ್ಲ. ಐದನೇ ಮೆಟ್ಟಿಲಲ್ಲಿ ಫಿಸಿಯೋ, ಹೆಲ್ಮೆಟ್ ಮೊದಲ ಬಾರಿಗೆ ಕೈಯಲ್ಲಿ. ನಾಲ್ಕರಲ್ಲಿ ಬೆಳಗಿನ ನರ್ಸ್. ಮೂರರಲ್ಲಿ ಸಂಜೆಯ ನರ್ಸ್. ಎರಡು ಗಂಟೆಗೆ ಬರಬೇಕಾದವಳನ್ನು ಅಮ್ಮ ಫೋನ್ ಮಾಡಿ ಕರೆಸಿದ್ದಳು. ಎಲ್ಲರ ಕೈಯಲ್ಲೂ ಟೀ.

"ಅಮ್ಮಾ, ಏನಿದು? ನೋವಾಗ್ತಿದ್ಯಾ?"

"ನೋವು ಇರೋದು ನಿನ್ನ ಹನ್ನೊಂದು ಗಂಟೆಗೆ. ಮಾತ್ರೆ ನುಂಗೋದು ಒಂಬತ್ತಕ್ಕೆ. ಅರ್ಧ ಗಂಟೆಗೆ ಕಾಲು ಹಗುರಾಗುತ್ತೆ. ಹನ್ನೊಂದರ ಹೊತ್ತಿಗೆ ಮತ್ತೆ ಕಲ್ಲು. ಆ ಕಲ್ಲು ಹೊತ್ಕೊಂಡು ಹತ್ತು ದಿನದಿಂದ ಏಳೇ ಮೆಟ್ಟಿಲು ಹತ್ತಿದ್ದೀನಿ."

"ನನಗೆ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ಫಿಸಿಯೋ ಗಂಟಲು ಸರಿಮಾಡಿಕೊಂಡರು. "ನನಗೂ ಮಾತ್ರೆ ವಿಷಯ ಗೊತ್ತಿರ್ಲಿಲ್ಲ ಸಾರ್. ಏನೇ ಇದ್ರೂ ನಿಮ್ಮನ್ನೇ ಕೇಳ್ಬೇಕು ಅಂತ ಒಪ್ಪಂದದಲ್ಲಿತ್ತು. ನಾಳೆಯಿಂದ ಒಂಬತ್ತೂವರೆಗೆ ಬರ್ತೀನಿ. ಅಮ್ಮನ ಹತ್ರ ಮಾತಾಯ್ತು."

"ಬಿಸಿನೀರಿನ ಮಾತೂ ಆಯ್ತು," ಎಂದಳು ಬೆಳಗಿನ ನರ್ಸ್.

"ನಾನು ಇನ್ಮೇಲೆ ಒಂದು ಗಂಟೆಗೇ ಬರೋದು," ಎಂದಳು ಸಂಜೆಯವಳು. "ಅಜ್ಜಿಗೆ ಊಟದ ಹೊತ್ತಿಗೆ ಜೊತೆ ಬೇಕಂತೆ."

ನನಗೆ ಸಿಟ್ಟು ಬಂತು. "ನೇರವಾಗಿ ಏರ್ಪಾಡು ಮಾಡಿದ್ದು ನಾನು! ಇವರನ್ನ ಹುಡುಕಿದ್ದು ನಾನು! ಶನಿವಾರ ಶನಿವಾರ ಲಕೋಟೆ ಕೊಡ್ತಿರೋನು ನಾನು!"

"ಹುಡುಕಿದ್ದು ಬಹಳ ಚೆನ್ನಾಗಿದೆ ಕಣೋ. ಮೂರೂ ಬಂಗಾರ," ಎಂದಳು ಅಮ್ಮ. ಧ್ವನಿಯಲ್ಲಿ ಲವಲೇಶವೂ ವ್ಯಂಗ್ಯವಿರಲಿಲ್ಲ. "ಎಕ್ಸ್‌ಚೇಂಜಲ್ಲಿ ನಾನು ದಿನಕ್ಕೆ ನಾನೂರು ಜನಕ್ಕೆ ಲೈನ್ ಸೇರಿಸ್ತಿದ್ದೆ. ಆ ಕಡೆಯವರು ಹಲೋ ಅಂದ ತಕ್ಷಣ ನಾನು ಈಚೆ ಬರ್ತಿದ್ದೆ. ನೀನು ಲೈನ್ ಸೇರಿಸಿ ಮಧ್ಯದಲ್ಲೇ ನಿಂತು ಮಾತಾಡ್ತಿದ್ದೀಯ."

"ಅಂದ್ರೆ?"

"ಕೆಲಸ ಮಾಡೋರು ಇವರು. ಮಾಡಿಸ್ಕೊಳ್ಳೋಳು ನಾನು. ಲಕೋಟೆ ಇನ್ಮೇಲೆ ನನ್ನ ಪೆನ್ಶನ್ನಿಂದ. ಮಧ್ಯದಲ್ಲಿ ಮೂರನೆಯವನು ಯಾಕೆ?"

ಕೆಳಗೆ ಊಟದ ಮೇಜಿನ ಬಳಿ ಹೆಂಡತಿಗೆ ಕೆಮ್ಮು ಬಂತು. ಆ ಕೆಮ್ಮು ಸುಮಾರು ಹೊತ್ತು ನಿಲ್ಲಲಿಲ್ಲ.

ಅಮ್ಮ ಎದ್ದಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈ ಫಿಸಿಯೋ ತೋಳಿನ ಮೇಲೆ. ಇಬ್ಬರು ನರ್ಸುಗಳು ಟೀ ಲೋಟ ಹಿಡಿದು ಹಿಮ್ಮುಖವಾಗಿ ಇಳಿದರು. ನನ್ನ ಪಟ್ಟಿಯಲ್ಲಿ ಇಲ್ಲದ ಆ ವಾಪಸ್ ಟ್ರಿಪ್ ಒಂದೂ ಅಪಘಾತವಿಲ್ಲದೆ ಮುಗಿಯಿತು.

ಹೊಸ ವ್ಯವಸ್ಥೆಯಲ್ಲಿ ಏಳು ಮೆಟ್ಟಿಲು ಒಂಬತ್ತಾಯಿತು, ಒಂಬತ್ತು ಹನ್ನೊಂದಾಯಿತು. ನನ್ನ ಪಟ್ಟಿ ಶುರುವಾದ ಹದಿನೇಳನೇ ದಿನ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಅಮ್ಮ ಹದಿನಾಲ್ಕನೆಯ ಮೆಟ್ಟಿಲ ಮೇಲೆ ನಿಂತಳು. ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೆಳಗಿನವರೆಗೂ ಕೇಳಿಸಿತು. ನಾನು ಅವತ್ತು ಡಿಪೋಗೆ ತಡವಾಗಿ ಹೋದೆ; ಹೋದವನು ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ, "ನಮ್ಮಮ್ಮ ಹದಿನಾಲ್ಕು!" ಎಂದೆ. ಹೊಸಬನೊಬ್ಬ ಅದು ಬಸ್ಸಿನ ನಂಬರೆಂದು ತಿಳಿದು ಎಲ್ಲಿಗೆ ಹೋಗುತ್ತದೆಂದು ಕೇಳಿದ. ಮಹಡಿಗೆ ಎಂದೆ.

ತಪಾಸಣೆಯ ದಿನ ಡಾಕ್ಟರು ಅಮ್ಮನನ್ನು ನಡೆಸಿ, ಕೂರಿಸಿ, ಎಬ್ಬಿಸಿ ನೋಡಿದರು. ಅವರಿಗೆ ಆಶ್ಚರ್ಯ.

"ಎಷ್ಟು ಅಚ್ಚುಕಟ್ಟಾಗಿ ಆಗಿದೆ! ಯಾವ ಏಜೆನ್ಸಿ?"

ನಾನು ಅಂಗಿಯ ಕಾಲರು ಸರಿಮಾಡಿಕೊಂಡು ಬಾಯಿ ತೆರೆದೆ.

"ಏಜೆನ್ಸಿ ಇಲ್ಲ ಡಾಕ್ಟ್ರೇ," ಎಂದಳು ಅಮ್ಮ. "ಮೊದಲು ಒಂದಿತ್ತು, ಬಿಡಿಸಿದ್ವಿ. ಆಮೇಲೆ ಮಗ ಒಬ್ಬ ಇದ್ದ. ಅವನನ್ನೂ ಬಿಡಿಸಿದ್ವಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಮ್ಮನ ಮಂಚ ಮಹಡಿಗೆ ಹೋಗುತ್ತದೆ. ಬಡಗಿಯ ಹತ್ತಿರ ಅವಳೇ ಮಾತಾಡಿದ್ದಾಳೆ. ಮೇಲಿನ ತುದಿ ಅವನು ಹಿಡಿಯುತ್ತಾನೆ, ಕೆಳಗಿನ ಭಾರದ ತುದಿ ನನ್ನದು.