ಮಡಿಸುವ ಕುರ್ಚಿಯ ಹಕ್ಕುದಾರ

ಸಾಲಿಸಿಟರ್ ಆಫೀಸಿನ ಗುಮಾಸ್ತನಿಗೆ ಕಾನೂನೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಎಪ್ಪತ್ತರ ದಶಕದ ನಮ್ಮ ಪರೇಲ್ ಚಾಳಿನಲ್ಲಿತ್ತು. ನನಗೂ ಇತ್ತು!

ಫುಟ್‌ಪಾತಿನಲ್ಲಿ ಕೊಂಡ ಹಳೆಯ ಇಂಗ್ಲಿಷ್ ಪುಸ್ತಕವೊಂದರಲ್ಲಿ ಮರಗೆಲಸದ ನಕ್ಷೆಗಳಿದ್ದವು. ಎಂಥ ನಕ್ಷೆಗಳು! ಒಂದೊಂದು ಗೆರೆಯೂ ರಂಗೋಲಿಯ ಎಳೆಯಂತೆ. ಅದನ್ನು ನೋಡಿ ನಾನೇ ಒಂದು ಮಡಿಸುವ ಕುರ್ಚಿ ಮಾಡಿದೆ. ಕೆಳಗಿನ ಹೋಟೆಲಿನ ಶೆಟ್ಟರೂ ನಕ್ಷೆಗೆ ಮರುಳಾದರು. ಮುಂದಿನ ವಾರವೇ ಅವರ ಹೊಸ ಫ್ಯಾಮಿಲಿ ರೂಮಿನ ಉದ್ಘಾಟನೆ. ಅಂಥದೇ ಕುರ್ಚಿಗಳಿಗಾಗಿ ಮರ ತರಿಸಿ ಬಡಗಿಯನ್ನೂ ಕರೆಸಿಬಿಟ್ಟರು.

ಆಗ ನನ್ನೊಳಗಿನ ಕಾನೂನು ಎದ್ದು ನಿಂತಿತು. ಕಾನೂನು ಹೇಳುವಾಗ ನಾನು ಧಾರವಾಡದ ಮಾತು ಬಿಟ್ಟುಬಿಡುತ್ತಿದ್ದೆ.

"ನಿಲ್ಲಿಸಿ! ಪುಸ್ತಕದ ಹಕ್ಕು ಬರೆದವರದು. ಅವರು ತೀರಿಕೊಂಡು ಐವತ್ತು ವರ್ಷ ಕಳೆದ ಮೇಲಷ್ಟೇ ಅದು ಸಾರ್ವಜನಿಕರ ಸೊತ್ತು. ಅಲ್ಲಿಯವರೆಗೆ ಗರಗಸ ಮುಟ್ಟಿದರೆ ಕೋರ್ಟು!"

ಬಡಗಿ ಗರಗಸ ಕೆಳಗಿಟ್ಟ. ಶೆಟ್ಟರ ಮುಖ ಬಾಡಿತು. "ಎಂತ ಮಾರಾಯ್ರೆ, ಗಿರಾಕಿಗಳನ್ನು ನೆಲದಲ್ಲಿ ಕೂರಿಸುವುದಾ? ಆ ಪುಣ್ಯಾತ್ಮ ಸತ್ತದ್ದು ಯಾವಾಗ?"

ಅದು ನನಗೇನು ಗೊತ್ತು!

ನನ್ನ ಹೆಂಡತಿ ಶಾಂತಾ ಪುಸ್ತಕ ಕಸಿದುಕೊಂಡು ಮೊದಲ ಪುಟದ ಅಕ್ಷರಗಳನ್ನು ಕೂಡಿಸಿ ಓದಿದಳು. "ಪಿಂಟೋ, ಜೋಗೇಶ್ವರಿ ಅಂತ ವಿಳಾಸಾನ ಬರದಾರಲ್ರೀ. ಲಂಡನ್ನೇನಲ್ಲ, ಲೋಕಲ್ ರೈಲು ಹತ್ತಿದ್ರ ಮುಟ್ಟತೇವಿ. ಹೋಗಿ ಕೇಳೂಣ ನಡೀರಿ."

ಇಂಥ ನೇರ ಬುದ್ಧಿ ನಮ್ಮ ಆಫೀಸಿನ ಯಾವ ಸಾಲಿಸಿಟರಿಗೂ ಇರಲಿಲ್ಲ!

ಭಾನುವಾರ ಹೊರಟೆವು. ಪಿಂಟೋ ಮನೆಯವರು ನನ್ನ ಕೈಚಳಕ ನೋಡಿಯಾದರೂ ಒಪ್ಪಲಿ ಎಂದು ಕುರ್ಚಿಯನ್ನೂ ಹೊತ್ತುಕೊಂಡೆ. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಅದು ತಾನಾಗಿ ಬಿಚ್ಚಿಕೊಂಡು ಯಾರದೋ ಛತ್ರಿಯನ್ನು ಕಚ್ಚಿತು. ದಾದರಿನಲ್ಲಿ ಕಚ್ಚಿದ್ದನ್ನು ಅಂಧೇರಿಯಲ್ಲಿ ಬಿಟ್ಟಿತು!

ಬಾಗಿಲು ತೆರೆದವರು ಅಂಗಿಗೆಲ್ಲ ಮರದ ಹೊಟ್ಟು ಮೆತ್ತಿಕೊಂಡಿದ್ದ ಮುದುಕರು. ನಮ್ಮಿಬ್ಬರ ಮಾತು ಕೇಳಿಸಿರಬೇಕು. "ಕನ್ನಡದವರಾ? ನಾನು ಮಂಗಳೂರಿನವ. ಬನ್ನಿ, ಬನ್ನಿ."

ನಾನು ಗಂಟಲು ಸರಿಮಾಡಿಕೊಂಡೆ. "ದಿವಂಗತ ಪಿಂಟೋ ಅವರು ತೀರಿಕೊಂಡು ಐವತ್ತು ವರ್ಷ ಆಗಿದೆಯೇ?"

ಅವರು ಕೊಂಚ ಯೋಚಿಸಿದರು. "ಇಲ್ಲ ಮಾರಾಯ್ರೆ. ಬೆಳಿಗ್ಗೆ ಚಾ ಕುಡಿಯುವಾಗ ಸಹ ಇದ್ದೆ."

ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಜೋಗೇಶ್ವರಿಯ ಹೆಸರಾಂತ ಗುಹೆಗಳಲ್ಲೊಂದನ್ನು ಹೊಕ್ಕು ಕೂರಬೇಕೆನಿಸಿತು.

ಕೊನೆಗೆ ಅವಳೇ ಎಲ್ಲ ವಿವರಿಸಿದಳು. ಪಿಂಟೋ ಮನಸಾರೆ ನಕ್ಕರು. "ಪುಸ್ತಕ ಮಾತ್ರ ಅಚ್ಚು ಹಾಕಬೇಡಿ, ಅದು ನನ್ನದು. ಕುರ್ಚಿ ಎಷ್ಟು ಬೇಕಾದರೂ ಮಾಡಿ. ಜನ ಕೂತುಕೊಳ್ಳಲಿ ಅಂತಲೇ ಅಲ್ವಾ ನಾನು ಬರೆದದ್ದು!"

ಅಷ್ಟೇ ಅಲ್ಲ, ಬಡಗಿಗೆ ಅನುಕೂಲವಾಗಲೆಂದು ಕುರ್ಚಿಯ ನಕ್ಷೆಯನ್ನು ದೊಡ್ಡದಾಗಿ ಹೊಸತಾಗಿ ಬರೆದೂ ಕೊಟ್ಟರು. ಕೈ ನಡುಗುತ್ತಿತ್ತು, ಗೆರೆ ನಡುಗಲಿಲ್ಲ. ನಾವು ಉಸಿರು ಬಿಗಿಹಿಡಿದು ನೋಡಿದೆವು.

ಹೊರಡುವ ಮುನ್ನ ನನ್ನ ಕುರ್ಚಿಯನ್ನು ಅಭಿಮಾನದಿಂದ ಬಿಡಿಸಿ ಅವರ ಮುಂದಿಟ್ಟೆ. ಅವರು ಅದಕ್ಕೊಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಕಾಲುಗಳನ್ನು ನೋಡಿದರು. ಕೂರಲಿಲ್ಲ.

"ಇದು ಯಾರ ನಕ್ಷೆ?"

"ನಿಮ್ಮದೇ ಸಾರ್!"

"ಅಯ್ಯೋ, ಅಲ್ಲವೇ ಅಲ್ಲ!" ಅವರು ಎರಡೂ ಕೈ ಮುಗಿದರು. "ಇದು ಪೂರಾ ನಿಮ್ಮದೇ ಸೃಷ್ಟಿ."

ಶೆಟ್ಟರ ಫ್ಯಾಮಿಲಿ ರೂಮು ಹೇಳಿದ ದಿನವೇ ತೆರೆಯಿತು. ಮೊದಲ ಕುರ್ಚಿಯಲ್ಲಿ ಪಿಂಟೋ ಅವರೇ ಕೂತು ಕಾಫಿ ಕುಡಿದರು. ನನ್ನ ಕುರ್ಚಿಯ ಸರ್ವಹಕ್ಕುಗಳು ಮಾತ್ರ ನನ್ನವೇ. ಇವತ್ತಿನವರೆಗೆ ಯಾರೂ ಉಲ್ಲಂಘಿಸಿಲ್ಲ!